ಒಂದೇ ಮುಹೂರ್ತಕ್ಕೆ ಎರಡು ಮದುವೆ

ನನ್ನ ಸೋದರಮಾವನದು ಹಾಸನದ ಕಡೆ ಒಂದು ಮದುವೆ ಛತ್ರ ಇದೆ. ದೊಡ್ಡದೇನಲ್ಲ. ಮುಂದೆ ಹಾಲ್, ಹಿಂದೆ ಊಟದ ಮನೆ, ಗಂಡಿನ ಕಡೆಯವರಿಗೆ ಆರು ರೂಮು, ಹೆಣ್ಣಿನ ಕಡೆಯವರಿಗೆ ನಾಲ್ಕು. ಯಾಕೆ ಹಾಗೆ ಅಂತ ನನ್ನನ್ನು ಕೇಳಬೇಡಿ, ಕಟ್ಟಿಸಿದ್ದು ನಮ್ಮ ತಾತ. ಎಷ್ಟೋ ವರ್ಷ ಅದರ ಬುಕಿಂಗ್ ಪೂರ್ತಿ ನಡೆದದ್ದು ಒಂದು ಡೈರಿಯಲ್ಲಿ. ಬ್ಯಾಂಕಿನವರು ಹೊಸ ವರ್ಷಕ್ಕೆ ಪುಕ್ಕಟೆ ಕೊಡುತ್ತಾರಲ್ಲ, ದಿನಕ್ಕೊಂದು ಪುಟದ ದಪ್ಪ ಡೈರಿ, ಅದು. ಯಾರಾದರೂ ಬಂದು ಮಾಘದಲ್ಲಿ ಇಂಥ ದಿನ ಬೇಕು ಅಂದರೆ ಮಾವ ಆ ಪುಟ ತೆಗೆಯುತ್ತಿದ್ದರು. ಹೆಸರು ಬರೆದಿದ್ದರೆ ಇಲ್ಲ ಅನ್ನುತ್ತಿದ್ದರು. ಖಾಲಿ ಇದ್ದರೆ ಅಡ್ವಾನ್ಸ್ ಇಸಿದುಕೊಂಡು ಅಲ್ಲೇ ಬರೆಯುತ್ತಿದ್ದರು. ಅಷ್ಟೇ ಸಿಸ್ಟಮ್.

ಆಮೇಲೆ ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದೆ. ಎರಡು ಮೂರು ವರ್ಷ ಕೋಡ್ ಬರೆದವರಿಗೆಲ್ಲ ಒಂದು ರೋಗ ಬರುತ್ತದೆ, ಮನೆಯಲ್ಲಿ ಕಂಡದ್ದನ್ನೆಲ್ಲ ಆ್ಯಪ್ ಮಾಡುವ ರೋಗ. ನನಗೂ ಬಂತು. ಮಾವನ ಡೈರಿಯನ್ನು ಆ್ಯಪ್ ಮಾಡಿದೆ. ಛತ್ರದ ಆಫೀಸಿನಲ್ಲಿ ಮಾವ ಕಂಪ್ಯೂಟರಿನಲ್ಲಿ ನೋಡಬಹುದು, ಮನೆಯಲ್ಲಿ ಅತ್ತೆ ಮೊಬೈಲಿನಲ್ಲೇ ಬುಕ್ ಮಾಡಬಹುದು. ಎಲ್ಲರಿಗೂ ಖುಷಿ. ಎಂಟು ತಿಂಗಳು ಎಲ್ಲ ಸರಿಯಾಗಿಯೇ ನಡೆಯಿತು.

ಒಂಬತ್ತನೇ ತಿಂಗಳು ಹೂವಿನ ಅಲಂಕಾರದವನು ಮಾವನಿಗೆ ಫೋನ್ ಮಾಡಿ, ಅಣ್ಣಾ, ಇಪ್ಪತ್ತೆರಡಕ್ಕೆ ನನಗೆ ಎರಡು ಮನೆಯವರು ಆರ್ಡರ್ ಕೊಟ್ಟಿದ್ದಾರೆ, ಇಬ್ಬರೂ ನಿಮ್ಮ ಛತ್ರ ಅಂತಲೇ ಹೇಳುತ್ತಿದ್ದಾರೆ, ಮೇಲೆ ಇನ್ನೊಂದು ಹಾಲ್ ಕಟ್ಟಿಸಿದಿರಾ ಅಂತ ಕೇಳಿದ.

ಕಟ್ಟಿಸಿರಲಿಲ್ಲ.

ಎರಡೂ ಮನೆಯವರು ಲಗ್ನಪತ್ರಿಕೆ ಹಂಚಿ ಮುಗಿಸಿದ್ದರು. ಮಾವ ಒಬ್ಬರ ಕಾಲು ಹಿಡಿಯುವುದು ಒಂದು ಬಾಕಿ. ಕೊನೆಗೆ ಒಂದು ಮನೆಯವರಿಗೆ ಪಕ್ಕದ ಊರಿನಲ್ಲಿ ಬೇರೆ ಛತ್ರ ಹಿಡಿದು, ಬಾಡಿಗೆ ತಾವೇ ಕೊಟ್ಟು, ಜನರನ್ನು ಕರೆದುಕೊಂಡು ಹೋಗಲು ಎರಡು ಬಸ್ಸನ್ನೂ ಮಾಡಿಸಿದರು. ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಪುಟ್ಟೀ, ಡೈರಿಯಲ್ಲಿ ಯಾವತ್ತೂ ಹೀಗೆ ಆಗಿರಲಿಲ್ಲ ಕಣೇ" ಅಂದರು, ಅಷ್ಟೇ.

ಆ ಒಂದು ಮಾತು ನನ್ನ ತಲೆಯಲ್ಲಿ ವರ್ಷಗಟ್ಟಲೆ ಕೊರೆದಿದೆ. ಡೈರಿಯಲ್ಲಿ ಯಾಕೆ ಆಗಿರಲಿಲ್ಲ? ಡೈರಿಗೆ ಬುದ್ಧಿ ಇರಲಿಲ್ಲವಲ್ಲ. ಆದರೆ ಡೈರಿ ಒಂದೇ ಇತ್ತು. ದಿನಕ್ಕೆ ಪುಟ ಒಂದೇ ಇತ್ತು. ಪೆನ್ನು ಹಿಡಿಯುವ ಕೈ ಒಂದೇ ಇತ್ತು. ಎರಡು ಮದುವೆ ಒಂದೇ ದಿನ ಬರೆಯಬೇಕಾದರೆ ಮೊದಲನೆಯ ಹೆಸರನ್ನು ಕಣ್ಣಾರೆ ನೋಡಿಕೊಂಡೇ ಅದರ ಕೆಳಗೆ ಇನ್ನೊಂದು ಬರೆಯಬೇಕಿತ್ತು. ಆ ನಿಯಮವನ್ನು ಯಾರೂ ಮಾಡಿರಲಿಲ್ಲ. ಕಾಗದದಲ್ಲೇ ಇತ್ತು ಅದು. ನಾನು ಕಾಗದ ತೆಗೆದು ಎಸೆದೆ, ಜೊತೆಗೆ ಅದನ್ನೂ ಎಸೆದೆ, ಎಸೆದದ್ದು ನನಗೆ ಗೊತ್ತೇ ಆಗಲಿಲ್ಲ.

ನನ್ನ ಕೋಡಿನಲ್ಲಿ ಚೆಕ್ ಇರಲಿಲ್ಲ ಅಂತಲ್ಲ. ಇತ್ತು. ದಿನ ಆರಿಸಿದ ತಕ್ಷಣ ಆ ದಿನ ಖಾಲಿ ಇದೆಯಾ ಅಂತ ನೋಡುತ್ತಿತ್ತು. ಖಾಲಿ ಇದ್ದರೆ ಫಾರ್ಮ್ ತೆರೆಯುತ್ತಿತ್ತು. ಆಮೇಲೆ ಹೆಸರು, ಊರು, ಗೋತ್ರ (ಹೌದು, ಮಾವ ಕೇಳಿದ್ದಕ್ಕೆ ಹಾಕಿದ್ದೆ), ಫೋನು, ಅಡ್ವಾನ್ಸು ಎಲ್ಲ ತುಂಬಿ ಸೇವ್ ಒತ್ತಲು ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಮನೆಯಲ್ಲಿ ಅತ್ತೆ ಅದೇ ದಿನವನ್ನು ಇನ್ನೊಬ್ಬರಿಗೆ ತೆರೆದಿದ್ದರು. ಇಬ್ಬರಿಗೂ ಖಾಲಿ ಅಂತಲೇ ಕಂಡಿದೆ. ಇಬ್ಬರೂ ಸೇವ್ ಒತ್ತಿದ್ದಾರೆ. ಅದೇನು ಅಪರೂಪದಲ್ಲಿ ಅಪರೂಪ ಅಂತ ನೀವು ಅಂದುಕೊಂಡರೆ, ನೀವು ಛತ್ರ ನಡೆಸಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದದ್ದರಲ್ಲಿ ಒಳ್ಳೆ ಮುಹೂರ್ತ ಅಂತ ಇರುವುದು ಕೆಲವೇ ದಿನ, ಅದರಲ್ಲೂ ಭಾನುವಾರ ಬಿದ್ದರೆ ಇಡೀ ತಾಲ್ಲೂಕಿಗೇ ಅದು ಬೇಕು. ಜನ ಬೇರೆ ಬೇರೆ ದಿನಕ್ಕೆ ಹಂಚಿಹೋಗುವುದಿಲ್ಲ. ಒಂದೇ ದಿನದ ಮೇಲೆ ಮುಗಿಬೀಳುತ್ತಾರೆ.

ಮೊದಲ ರಿಪೇರಿ ಯಾರಾದರೂ ಮಾಡುವಂಥದ್ದೇ. ಸೇವ್ ಒತ್ತಿದಾಗ ಇನ್ನೊಂದು ಸಲ ಖಾಲಿ ಇದೆಯಾ ಅಂತ ನೋಡಿ, ಆಮೇಲೆ ಬರೆಯುವುದು. ಹತ್ತು ನಿಮಿಷದ ಸಂದು ಕೆಲವು ಮಿಲಿಸೆಕೆಂಡಿಗೆ ಇಳಿಯಿತು. ಸಾಕಪ್ಪ ಅಂತ ಬಿಟ್ಟೆ. ಒಂದು ದಿನ ಅತ್ತೆಯ ಮೊಬೈಲಿಗೆ ಸಿಗ್ನಲ್ ಸರಿ ಇರಲಿಲ್ಲ. ಸೇವ್ ಒತ್ತಿದ್ದಾರೆ, ಏನೂ ಆಗಲಿಲ್ಲ ಅಂತ ಮತ್ತೆ ಒತ್ತಿದ್ದಾರೆ. ಎರಡು ಕೋರಿಕೆಯೂ ಸರ್ವರಿಗೆ ಜೋಡಿಯಾಗಿ ಬಂದು ತಲುಪಿ, ಎರಡೂ ಖಾಲಿ ಇದೆ ಅಂತ ನೋಡಿ, ಎರಡೂ ಬರೆದವು. ಒಂದೇ ಮದುವೆ, ಒಂದೇ ಹುಡುಗ, ಒಂದೇ ಹುಡುಗಿ, ಎರಡು ಬುಕಿಂಗು. ಯಾರಿಗೂ ತೊಂದರೆ ಆಗಲಿಲ್ಲ, ಆದರೆ ನನಗೆ ಬೆವರು ಬಂತು. ಸಂದು ಸಣ್ಣದಾಗಿದೆ ಅಷ್ಟೇ, ಮುಚ್ಚಿಲ್ಲ.

ಬುಕಿಂಗ್ ಎಲ್ಲ ಉಳಿಯುವ ಡೇಟಾಬೇಸು ಪೋಸ್ಟ್‌ಗ್ರೆಸ್ ಅನ್ನುವುದು. ಅದರ ಮಾಮೂಲಿ ನಡವಳಿಕೆಯಲ್ಲಿ ಇನ್ನೂ ಕಮಿಟ್ ಆಗದ, ಅಂದರೆ ಬರೆದು ಖಾಯಂ ಆಗದ, ಇನ್ನೊಬ್ಬರ ಸಾಲು ನಿಮಗೆ ಕಾಣುವುದಿಲ್ಲ. ಅದು ಬಗ್ ಅಲ್ಲ, ಬೇಕಂತಲೇ ಹಾಗೆ ಮಾಡಿರುವುದು. ಆದರೆ ಇದರ ಅರ್ಥ ಏನು ಗೊತ್ತಾ, "ಮೊದಲು ನೋಡು, ಆಮೇಲೆ ಬರಿ" ಅನ್ನುವ ಕೋಡನ್ನು ಎಷ್ಟು ಜಾಗರೂಕತೆಯಿಂದ ಬರೆದರೂ ಇಬ್ಬರು ಒಟ್ಟಿಗೆ ಬಂದರೆ ಇಬ್ಬರೂ ಹಳೆಯ ಚಿತ್ರವನ್ನೇ ನೋಡುತ್ತಾರೆ. ನೋಡುವುದು ಮತ್ತು ಬರೆಯುವುದು ಎರಡು ಕೆಲಸ ಆಗಿರುವ ತನಕ ನಡುವೆ ಯಾರೋ ನುಗ್ಗಬಹುದು.

ಹಾಗಾದರೆ ದಿನಾಂಕಕ್ಕೆ ಒಂದು ಯೂನಿಕ್, ಅಂದರೆ ಒಂದೇ ದಿನಾಂಕ ಎರಡು ಸಲ ಬರಬಾರದು ಅನ್ನುವ ನಿಯಮ, ಹಾಕಿದರೆ ಮುಗಿಯಿತಲ್ಲ ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡೆ. ಆದರೆ ನಮ್ಮ ಮದುವೆ ದಿನಾಂಕಕ್ಕೆ ಹೊಂದಿಕೊಂಡು ನಡೆಯುವುದಿಲ್ಲ. ಹಿಂದಿನ ದಿನ ಸಂಜೆ ನಾಲ್ಕಕ್ಕೆ ಬೀಗ ತೆಗೆಯುತ್ತಾರೆ, ರಾತ್ರಿ ಆರತಕ್ಷತೆ, ಬೆಳಿಗ್ಗೆ ಧಾರೆ, ಮಧ್ಯಾಹ್ನ ಊಟ, ಅವತ್ತೇ ಸಂಜೆ ನಾಲ್ಕಕ್ಕೆ ಬೀಗ ವಾಪಸ್. ಅದೇ ನಾಲ್ಕಕ್ಕೆ ಇನ್ನೊಬ್ಬರು ಒಳಗೆ ಬರಬಹುದು. ಕೆಲವರು ಚಪ್ಪರ ಅಂತ ಎರಡು ದಿನ ಮುಂಚೆಯೇ ಹಿಡಿಯುತ್ತಾರೆ. ಹಾಗಾಗಿ ಒಂದು ದಿನಕ್ಕೆ ಒಂದು ಅನ್ನುವುದು ತಪ್ಪು ನಿಯಮ. ಸರಿಯಾದ ನಿಯಮ ಹೀಗೆ: ಒಂದೇ ಹಾಲಿಗೆ ಎರಡು ಬುಕಿಂಗಿನ ಸಮಯ ಒಂದರ ಮೇಲೊಂದು ಬೀಳಬಾರದು.

ಇದನ್ನೇ ನೇರವಾಗಿ ಹೇಳುವ ಒಂದು ಕನ್‌ಸ್ಟ್ರೈಂಟ್ (ಡೇಟಾಬೇಸೇ ಕಾಯುವ ನಿಯಮ) ಪೋಸ್ಟ್‌ಗ್ರೆಸ್‌ನಲ್ಲಿ 2010ರಿಂದಲೇ, 9.0 ಆವೃತ್ತಿಯಿಂದ ಇದೆ. ಎಕ್ಸ್‌ಕ್ಲೂಷನ್ ಕನ್‌ಸ್ಟ್ರೈಂಟ್ ಅಂತ ಅದರ ಹೆಸರು. ಕೋಡ್ ಹಾಕಿದರೆ ಅರ್ಧ ಜನ ಇಲ್ಲಿಂದಲೇ ಎದ್ದುಹೋಗುತ್ತೀರಿ, ಹಾಗಾಗಿ ಬಾಯಿಮಾತಿನಲ್ಲೇ ಹೇಳುತ್ತೇನೆ. ಯಾವ ಎರಡು ಸಾಲನ್ನು ತೆಗೆದುಕೊಂಡರೂ, ಹಾಲ್ ಒಂದೇ ಆಗಿದ್ದು ಸಮಯವೂ ಮೇಲೆ ಬಿದ್ದಿದ್ದರೆ, ಎರಡನೆಯದನ್ನು ಒಳಗೆ ಬಿಡಬೇಡ. ಇಷ್ಟೇ, ಬರೆದರೆ ನಾಲ್ಕು ಸಾಲು. ಸಮಯವನ್ನು ಶುರು ಸೇರಿಸಿ ಕೊನೆ ಬಿಟ್ಟು ಇಡಬೇಕು. ಆಗ ನಾಲ್ಕಕ್ಕೆ ಬಿಡುವವರೂ ನಾಲ್ಕಕ್ಕೆ ಬರುವವರೂ ಜಗಳ ಆಡುವುದಿಲ್ಲ. ರದ್ದಾದ ಬುಕಿಂಗನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತಲೂ ಅದರಲ್ಲೇ ಹೇಳಬಹುದು. ಈಗ ಇಬ್ಬರು ಒಟ್ಟಿಗೆ ಬಂದರೆ ಎರಡನೆಯವರು ಮೊದಲನೆಯವರಿಗಾಗಿ ಕಾಯುತ್ತಾರೆ. ಮೊದಲನೆಯದು ಕಮಿಟ್ ಆದರೆ ಎರಡನೆಯದಕ್ಕೆ ಎರರ್. ನೋಡುವುದು ಬರೆಯುವುದು ಎರಡೂ ಒಂದೇ ಕೆಲಸ ಆಯಿತು. ಡೈರಿಯ ಪುಟ ವಾಪಸ್ ಬಂತು.

ಬಂತು ಅಂದೆ, ಆದರೆ ಸುಲಭಕ್ಕೆ ಬರಲಿಲ್ಲ. ಕನ್‌ಸ್ಟ್ರೈಂಟ್ ಹಾಕಲು ಹೋದರೆ ಪೋಸ್ಟ್‌ಗ್ರೆಸ್ ಒಪ್ಪಲಿಲ್ಲ. ಟೇಬಲ್ಲಿನಲ್ಲಿ ಆಗಲೇ ನಿಯಮ ಮುರಿದ ಸಾಲುಗಳಿದ್ದವು. ಫಾರಿನ್ ಕೀ (ಇನ್ನೊಂದು ಟೇಬಲ್ಲಿನಲ್ಲಿ ಇರುವುದನ್ನೇ ಬರೆಯಬೇಕು ಅನ್ನುವ ನಿಯಮ) ಮತ್ತು ಚೆಕ್ (ಬರೆದದ್ದು ಒಂದು ಷರತ್ತಿಗೆ ಹೊಂದಬೇಕು ಅನ್ನುವ ನಿಯಮ) ಆಗಿದ್ದರೆ "ಹಳೆಯದನ್ನು ಈಗ ನೋಡಬೇಡ, ಹೊಸದಕ್ಕೆ ಮಾತ್ರ ಅನ್ವಯಿಸು" ಅಂತ ಹೇಳುವ ದಾರಿ ಇದೆ. ಇದಕ್ಕೆ ಆ ದಾರಿ ಇಲ್ಲ. ಮೊದಲು ಗುಡಿಸಬೇಕು. ಒಂದು ಭಾನುವಾರ ಮಾವನ ಜೊತೆ ಕೂತು ಒಂದೊಂದೇ ನೋಡಿದೆ. ಒಂದು ರದ್ದಾಗಿದ್ದರೂ ರದ್ದು ಅಂತ ಗುರುತು ಹಾಕಿರಲಿಲ್ಲ. ಒಂದರಲ್ಲಿ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ಅದಲುಬದಲಾಗಿತ್ತು. ಇನ್ನೊಂದು ಮಾತ್ರ ನಿಜವಾದ ಡಬಲ್ ಬುಕಿಂಗ್, ಏಳು ವಾರ ಮುಂದಿತ್ತು, ಯಾರಿಗೂ ಗೊತ್ತಿರಲಿಲ್ಲ. ಪತ್ರಿಕೆ ಅಚ್ಚಾಗುವ ಮುಂಚೆ ಮಾವ ಫೋನ್ ಮಾಡಿ ಸರಿಮಾಡಿದರು. ಆ ದಿನ ಅತ್ತೆ ನನಗೆ ಹೋಳಿಗೆ ಮಾಡಿ ಹಾಕಿದರು, ತಪ್ಪು ಮಾಡಿದ್ದೇ ನಾನು ಅನ್ನುವುದು ಬೇರೆ ಮಾತು.

ಇದಾದ ಮೇಲೆ ನಾನು ಸಾಫ್ಟ್‌ವೇರನ್ನು ನೋಡುವ ರೀತಿಯೇ ಸ್ವಲ್ಪ ಬದಲಾಯಿತು. ಎಲ್ಲೇ ಕೆಲಸಕ್ಕೆ ಹೋದರೂ ಮೊದಲು ಹುಡುಕುವುದು, ಇಲ್ಲಿನ ನಿಯಮಗಳು ಎಲ್ಲಿ ವಾಸ ಮಾಡುತ್ತಿವೆ ಅಂತ. ಹೆಚ್ಚಿನ ಕಡೆ ಜನರ ತಲೆಯಲ್ಲಿ ಇರುತ್ತವೆ. "ಆ ಕಾಲಮ್ಮಿಗೆ ಸೊನ್ನೆ ಹಾಕಬೇಡಿ, ರಾತ್ರಿ ರಿಪೋರ್ಟ್ ಬಿದ್ದುಹೋಗುತ್ತದೆ" ಅಂತ ಒಬ್ಬ ಸೀನಿಯರ್‌ಗೆ ಗೊತ್ತಿರುತ್ತದೆ. ಅವರು ಕೆಲಸ ಬಿಟ್ಟ ತಿಂಗಳು ಯಾರೋ ಸೊನ್ನೆ ಹಾಕುತ್ತಾರೆ. ಇನ್ನು ಕೆಲವು ಆ್ಯಪಿನ ಕೋಡಿನಲ್ಲಿ ಇರುತ್ತವೆ. ಅದು ಪರವಾಗಿಲ್ಲ, ಆದರೆ ಡೇಟಾಬೇಸಿಗೆ ಬಾಗಿಲು ಒಂದೇ ಅಲ್ವಲ್ಲ. ವೆಬ್ ಒಂದು, ಮೊಬೈಲ್ ಒಂದು, ಎಕ್ಸೆಲ್‌ನಿಂದ ತುಂಬುವ ಸ್ಕ್ರಿಪ್ಟ್ ಒಂದು, ರಾತ್ರಿ ಹನ್ನೊಂದಕ್ಕೆ ಪ್ರೊಡಕ್ಷನ್‌ನಲ್ಲಿ ಕೈಯಾರೆ ಅಪ್‌ಡೇಟ್ ಹೊಡೆಯುವ ನಾನು ಒಬ್ಬಳು. ಎಲ್ಲ ಬಾಗಿಲಿನಲ್ಲೂ ಕಾವಲುಗಾರ ನಿಲ್ಲಿಸುವುದಕ್ಕಿಂತ ಹುಂಡಿಗೇ ಬೀಗ ಹಾಕುವುದು ವಾಸಿ.

ಬೀಗ ನಿಜವಾದ ಬೀಗವೇ ಅಂತ ಅಲುಗಿಸಿ ನೋಡಿ ಮತ್ತೆ. ಇದು ನನಗೆ ತಡವಾಗಿ ಗೊತ್ತಾದ ಸಂಗತಿ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸಿನಲ್ಲಿ ಬಹಳ ವರ್ಷ ಚೆಕ್ ಕನ್‌ಸ್ಟ್ರೈಂಟ್ ಬರೆದರೆ ಅದು ಎರರ್ ಕೊಡದೆ ಓದಿಕೊಳ್ಳುತ್ತಿತ್ತು, ಆಮೇಲೆ ಸುಮ್ನೆ ಮರೆತುಬಿಡುತ್ತಿತ್ತು! ನಿಜವಾಗಿ ಜಾರಿಗೆ ಬಂದದ್ದು 2019ರಲ್ಲಿ, 8.0.16ರಿಂದ. ಅಲ್ಲಿಯವರೆಗೆ ಬೆಲೆ ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಬರೆದು ನೆಮ್ಮದಿಯಾಗಿ ಮಲಗಿದವರು ಎಷ್ಟು ಜನವೋ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದ ಹಾಗೆ, ಮೊದಲ ಕಾಗೆ ಬಂದು ತಲೆ ಮೇಲೆ ಕೂರುವ ತನಕ ನಂಬಿಕೆ. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸಿನಲ್ಲಿ ಫಾರಿನ್ ಕೀ ಇವತ್ತಿಗೂ ಮಾಮೂಲಿಯಾಗಿ ಆಫ್ ಇರುತ್ತದೆ, ಪ್ರತಿ ಸಲ ಕನೆಕ್ಟ್ ಆದಾಗ ಆನ್ ಮಾಡಬೇಕು. ಹಳೆಯ ಪ್ರೋಗ್ರಾಮುಗಳು ಮುರಿಯಬಾರದು ಅಂತ ಹಾಗೆ ಬಿಟ್ಟಿದ್ದಾರೆ, ಕಾರಣ ಅರ್ಥ ಆಗುತ್ತದೆ, ಆದರೂ.

ನಲ್, ಅಂದರೆ ಏನೂ ತುಂಬದ ಖಾಲಿ ಜಾಗ, ಅದಂತೂ ಎಲ್ಲ ಬೇಲಿಯಲ್ಲೂ ನುಸುಳುವ ಬೆಕ್ಕು. ಬೆಲೆ ಸೊನ್ನೆಗಿಂತ ಜಾಸ್ತಿ ಇರಬೇಕು ಅಂತ ಚೆಕ್ ಹಾಕಿದ್ದೀರಿ. ಬೆಲೆಯೇ ನಲ್ ಆದರೆ? ಜಾಸ್ತಿಯೋ ಅಲ್ಲವೋ ಗೊತ್ತಿಲ್ಲ ಅನ್ನುತ್ತದೆ ಡೇಟಾಬೇಸಿನ ಭಾಷೆಯಾದ ಎಸ್‌ಕ್ಯೂಎಲ್, ಗೊತ್ತಿಲ್ಲ ಅಂದರೆ ತಪ್ಪೇನೂ ಅಲ್ಲವಲ್ಲ ಅಂತ ಒಳಗೆ ಬಿಡುತ್ತದೆ. ಯೂನಿಕ್ ಹಾಕಿದ ಕಾಲಮ್ಮಿನಲ್ಲೂ ಪೋಸ್ಟ್‌ಗ್ರೆಸ್‌ನಲ್ಲಿ ಎಷ್ಟು ನಲ್ ಬೇಕಾದರೂ ಇರಬಹುದು, ಒಂದು ನಲ್ ಇನ್ನೊಂದು ನಲ್‌ಗೆ ಸಮ ಅಲ್ಲ ಅನ್ನುವ ಕಾರಣಕ್ಕೆ. ಇದು ಬೇಡ, ನಲ್ ಎಲ್ಲ ಒಂದೇ ಅಂತ ತಿಳಿ ಅಂತ ಹೇಳುವ ಅವಕಾಶ 15ನೇ ಆವೃತ್ತಿಯಲ್ಲಿ, 2022ರಲ್ಲಿ ಬಂತು.

ಈ ನಲ್‌ಗೆ ಭಾಷೆಗಳ ಕಡೆಯಲ್ಲೂ ಒಂದು ಕಥೆ ಇದೆ. ಟೋನಿ ಹೋರ್ ಅನ್ನುವ ಕಂಪ್ಯೂಟರ್ ವಿಜ್ಞಾನಿ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಅನ್ನುವ ಪ್ರೋಗ್ರಾಮಿಂಗ್ ಭಾಷೆಗೆ ನಲ್ ರೆಫರೆನ್ಸ್, ಅಂದರೆ ಯಾವುದನ್ನೂ ತೋರಿಸದ ಖಾಲಿ ಬೆರಳು, ಸೇರಿಸಿದರು. ಸೇರಿಸುವುದು ಸುಲಭ ಇತ್ತು ಅಂತ ಸೇರಿಸಿದ್ದು. 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂತ ಕರೆದುಕೊಂಡರು. ಪಟ್ಟಿ ಜೋಡಿಸುವ ಕ್ವಿಕ್‌ಸಾರ್ಟ್ ವಿಧಾನ ಕೊಟ್ಟ ಮನುಷ್ಯ ನಲವತ್ತು ವರ್ಷ ಆದ ಮೇಲೆ ಎದ್ದು ನಿಂತು ನಾನು ತಪ್ಪು ಮಾಡಿದೆ ಅನ್ನುವುದು ಸಣ್ಣ ವಿಷಯ ಅಲ್ಲ. ಅಲ್ಲಿ ಇರಬೇಕಿದ್ದ ಒಂದು ಕಟ್ಟು, ಅಂದರೆ ಕಟ್ಟುಪಾಡು, ಇಲ್ಲದೇ ಹೋದದ್ದೇ ತಪ್ಪು. "ಇಲ್ಲಿ ಏನೋ ಒಂದು ಇದ್ದೇ ಇರುತ್ತದೆ" ಅಂತ ಭಾಷೆಗೆ ಹೇಳಲು ದಾರಿಯೇ ಇಲ್ಲದಿದ್ದರೆ, ಪ್ರತಿ ಸಾಲಿನಲ್ಲೂ ಓದುವವನು ಅನುಮಾನ ಪಡಬೇಕು. ಕೋಟ್ಲಿನ್, ಸ್ವಿಫ್ಟ್, ರಸ್ಟ್ ಮುಂತಾದ ಹೊಸ ಭಾಷೆಗಳು ಮಾಮೂಲಿಗೆ ಖಾಲಿ ಇರಬಾರದು, ಇರಬಹುದಾದರೆ ಮೊದಲೇ ಹೇಳು ಅಂತ ತಿರುಗಿಸಿದವು.

1968ರಲ್ಲಿ ಡೈಕ್‌ಸ್ಟ್ರಾ ಅನ್ನುವ ಇನ್ನೊಬ್ಬ ವಿಜ್ಞಾನಿ ಗೋಟು (ಕೋಡಿನಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಹಾರುವ ಆಜ್ಞೆ) ಬೇಡ ಅಂತ ಒಂದು ಪತ್ರ ಬರೆದರಲ್ಲ, ಎಲ್ಲರೂ ಅದರ ಶೀರ್ಷಿಕೆಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ಆ ಶೀರ್ಷಿಕೆ ಕೊಟ್ಟದ್ದು ಡೈಕ್‌ಸ್ಟ್ರಾ ಅಲ್ಲ, ಸಂಪಾದಕರಾಗಿದ್ದ ನಿಕ್ಲಾಸ್ ವಿರ್ಟ್. ಒಳಗಿನ ವಾದ ಶೀರ್ಷಿಕೆಯಷ್ಟು ಜಗಳಗಂಟಿ ಅಲ್ಲ. ನಮ್ಮ ತಲೆಗೆ ನಿಂತ ಚಿತ್ರ ಹಿಡಿಯುವುದು ಸುಲಭ, ಓಡುವ ಚಿತ್ರ ಹಿಡಿಯುವುದು ಕಷ್ಟ. ಹಾಗಾಗಿ ಪುಟದ ಮೇಲಿನ ಕೋಡು ಮತ್ತು ಓಡುವಾಗಿನ ನಡೆ ಆದಷ್ಟು ಹತ್ತಿರ ಇರಲಿ ಅನ್ನುತ್ತಾರೆ. ಗೋಟು ಇದ್ದರೆ ಯಾವ ಸಾಲಿಗೆ ಎಲ್ಲಿಂದ ಬಂದೆವೋ ಗೊತ್ತಾಗುವುದಿಲ್ಲ. ಅದನ್ನು ತೆಗೆದರೆ ಬರೆಯುವವನಿಗೆ ಒಂದು ಕೈ ಕಡಿಮೆ ಆಯಿತು ನಿಜ. ಓದುವವನಿಗೆ ಎಷ್ಟು ಸಿಕ್ಕಿತು ನೋಡಿ. ಕೋಡನ್ನು ಬರೆಯುವುದು ಒಂದು ಸಲ, ಓದುವುದು ನೂರು ಸಲ, ಅದೂ ಹೆಚ್ಚಾಗಿ ಬೇರೆ ಯಾರೋ, ಅದೂ ಏನೋ ಕೆಟ್ಟಾಗ.

ರಸ್ಟ್ ಕಲಿಯಲು ಹೋದಾಗ ನನಗೆ ಮೊದಲ ಎರಡು ವಾರ ಅಳು ಬಂದಿತ್ತು. ಬರೆದ ಕೋಡನ್ನು ಓಡುವ ಪ್ರೋಗ್ರಾಮ್ ಮಾಡಿಕೊಡುವ ಕಂಪೈಲರ್ ಯಾವುದಕ್ಕೂ ಒಪ್ಪುವುದಿಲ್ಲ. ಈ ಡೇಟಾ ನಿನ್ನದಲ್ಲ, ಕೊಟ್ಟುಬಿಟ್ಟಿದ್ದೀಯ. ಇದನ್ನು ಯಾರೋ ನೋಡುತ್ತಿದ್ದಾರೆ, ಈಗ ಬದಲಾಯಿಸುವ ಹಾಗಿಲ್ಲ. ಆಫೀಸಿನಲ್ಲಿ ಪಕ್ಕದವರು ಬಿಟ್ಟುಹಾಕಿ ಪೈಥಾನ್‌ಗೆ ವಾಪಸ್ ಹೋದರು. ನನಗೆ ಅರ್ಥ ಆದದ್ದು ಒಂದು ಸಂಜೆ ಮಾವನ ಡೈರಿ ನೆನಪಾದಾಗ. ರಸ್ಟಿನ ನಿಯಮ ಇಷ್ಟೇ: ಒಂದು ಡೇಟಾವನ್ನು ನೋಡುವವರು ಎಷ್ಟು ಜನ ಬೇಕಾದರೂ ಇರಲಿ, ಆದರೆ ಬರೆಯುವವನು ಬಂದರೆ ಅವನೊಬ್ಬನೇ ಇರಬೇಕು, ಆಗ ಇನ್ನಾರೂ ನೋಡುತ್ತಲೂ ಇರಬಾರದು. ಒಂದು ಪುಟ, ಒಂದು ಪೆನ್ನು! ನಾನು ಬೆವರು ಸುರಿಸಿ ಡೇಟಾಬೇಸಿನಲ್ಲಿ ಕಲಿತದ್ದನ್ನು ಈ ಭಾಷೆ ಪ್ರೋಗ್ರಾಮ್ ಓಡುವ ಮುಂಚೆಯೇ ಕೇಳುತ್ತಿತ್ತು. ಅದಾದ ಮೇಲೆ ಜಗಳ ನಿಲ್ಲಲಿಲ್ಲ, ಆದರೆ ಯಾತಕ್ಕೆ ಜಗಳ ಅಂತ ಗೊತ್ತಾಯಿತು. ಒಂದಕ್ಕೊಂದು ತೋರಿಸುವ ಗಂಟು ಗಂಟಾದ ಡೇಟಾ ಬರೆಯುವಾಗ ಈಗಲೂ ಅದನ್ನು ಬೈಯುತ್ತೇನೆ.

ಗೋ ಭಾಷೆಯ ಕಟ್ಟು ಇನ್ನೊಂದು ಥರ. ವೇರಿಯಬಲ್ ಮಾಡಿ ಬಳಸದೇ ಬಿಟ್ಟರೆ ಕಂಪೈಲೇ ಆಗುವುದಿಲ್ಲ. ಡೀಬಗ್ ಮಾಡುವಾಗ ಒಂದು ಸಾಲು ತೆಗೆದು ನೋಡೋಣ ಅಂದರೆ ಮೇಲಿನ ಇಂಪೋರ್ಟನ್ನೂ (ಹೊರಗಿನ ಕೋಡನ್ನು ಕರೆಸುವ ಸಾಲು) ತೆಗೆಯಬೇಕು, ಮತ್ತೆ ಹಾಕಬೇಕು. ಇದು ನನಗೆ ಇವತ್ತಿಗೂ ಕಿರಿಕಿರಿ, ಸಮರ್ಥಿಸಿಕೊಳ್ಳುವುದಿಲ್ಲ.

ಕಟ್ಟು ಇದೆ ಅನ್ನುವ ಕಾರಣಕ್ಕೇ ಒಳಗೆ ಬಿಡುವ ಜಾಗಗಳೂ ಇವೆ. ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಅದರ ಒಳಗೆ ನಮ್ಮ ಕೋಡ್ ಓಡಿಸುವುದು ಅಂದರೆ ಗರ್ಭಗುಡಿಗೆ ಹೋದ ಹಾಗೆ, ಒಂದು ತಪ್ಪು ಮಾಡಿದರೆ ಇಡೀ ಮಷೀನ್ ಕೂತುಬಿಡುತ್ತದೆ. ಇಬಿಪಿಎಫ್ ಅನ್ನುವ ವ್ಯವಸ್ಥೆ ಹೊರಗಿನವರ ಪ್ರೋಗ್ರಾಮನ್ನೂ ಅಲ್ಲಿಗೆ ಬಿಡುತ್ತದೆ, ಆದರೆ ಮೊದಲು ಒಂದು ವೆರಿಫೈಯರ್ ಪೂರ್ತಿ ಪರೀಕ್ಷೆ ಮಾಡುತ್ತದೆ. ಮುಗಿಯುತ್ತದೆ ಅಂತ ಖಾತ್ರಿ ಇಲ್ಲದ ಪ್ರೋಗ್ರಾಮಿಗೆ ಪ್ರವೇಶ ಇಲ್ಲ. ಮೊದಮೊದಲು 4096 ಇನ್‌ಸ್ಟ್ರಕ್ಷನ್ ಮಾತ್ರ, ಲೂಪ್ (ಸುತ್ತಿ ಸುತ್ತಿ ಮಾಡುವ ಕೋಡು) ಇಲ್ಲವೇ ಇಲ್ಲ. 2019ರಲ್ಲಿ ಮಿತಿ ಹತ್ತು ಲಕ್ಷಕ್ಕೆ ಹೋಯಿತು, ಕೊನೆ ಇರುವ ಲೂಪಿಗೂ ಒಪ್ಪಿಗೆ ಸಿಕ್ಕಿತು. ಚಪ್ಪಲಿ ಹೊರಗೆ ಬಿಟ್ಟವರಿಗೆ ಮಾತ್ರ ಒಳಗೆ ಜಾಗ.

ತಲೆಯಲ್ಲೇ ಉಳಿದ ನಿಯಮದ ಮಾತು ಬಂದಾಗಲೆಲ್ಲ ನನಗೆ ಏರಿಯಾನ್ 5 ನೆನಪಾಗುತ್ತದೆ. 1996ರ ಜೂನ್ 4, ಫ್ರೆಂಚ್ ಗಯಾನಾದಿಂದ ಯುರೋಪಿನ ಹೊಸ ರಾಕೆಟ್ಟಿನ ಮೊದಲ ಹಾರಾಟ. ನಲವತ್ತು ಸೆಕೆಂಡು ಕೂಡ ಸರಿಯಾಗಿ ಹಾರಲಿಲ್ಲ, ದಾರಿ ತಪ್ಪಿ ಚೂರುಚೂರಾಯಿತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಪಟ್ಟ 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿನ ಪೂರ್ಣಾಂಕಕ್ಕೆ ತುರುಕಲು ಹೋಗಿ ಹಿಡಿಸಲಿಲ್ಲ. 16 ಬಿಟ್ಟಿನಲ್ಲಿ 32767ರ ಮೇಲೆ ಹೋಗುವ ಹಾಗಿಲ್ಲ. ಇದು ಆಡಾ ಭಾಷೆಯಲ್ಲಿ ಬರೆದ ಕೋಡು, ಕಟ್ಟುಪಾಡಿಗೆ ಹೆಸರಾದ ಭಾಷೆ. ಅಂಥ ಕಡೆ ಏಳು ವೇರಿಯಬಲ್ ಇದ್ದವು, ನಾಲ್ಕಕ್ಕೆ ರಕ್ಷಣೆ ಹಾಕಿದ್ದರು, ಮೂರಕ್ಕೆ ಬೇಕಂತಲೇ ಬಿಟ್ಟಿದ್ದರು. ಪ್ರೊಸೆಸರಿನ ಹೊರೆ 80 ಶೇಕಡದ ಒಳಗೆ ಇರಬೇಕಿತ್ತು. ಆ ಮೂರು ಅಷ್ಟು ದೊಡ್ಡದಾಗಲು ಸಾಧ್ಯವೇ ಇಲ್ಲ ಅನ್ನುವ ಲೆಕ್ಕ.

ಆ ಲೆಕ್ಕ ಸರಿಯಾಗಿಯೇ ಇತ್ತು, ಏರಿಯಾನ್ 4ಕ್ಕೆ. ಕೋಡು ಬಂದದ್ದು ಅಲ್ಲಿಂದ. ಹೊಸ ರಾಕೆಟ್ಟು ಶುರುವಿನಲ್ಲೇ ಅಡ್ಡಕ್ಕೆ ಹೆಚ್ಚು ವೇಗದಲ್ಲಿ ಹೋಗುತ್ತಿತ್ತು. ಕೋಡಿನ ಜೊತೆಗೆ "ಇದು ಹಳೆಯ ರಾಕೆಟ್ಟಿನ ದಾರಿಗೆ ಮಾತ್ರ" ಅನ್ನುವ ಷರತ್ತು ಬರಲಿಲ್ಲ. ಬದಲಿಗೆ ಇಟ್ಟಿದ್ದ ಎರಡನೇ ಕಂಪ್ಯೂಟರಿನಲ್ಲೂ ಅದೇ ಕೋಡು, ಅದೂ ಅದೇ ಕಾರಣಕ್ಕೆ ನಿಂತಿತು. ಹೆಚ್ಚು ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿದೆ. ಆ ಲೆಕ್ಕ ಮಾಡುತ್ತಿದ್ದ ಭಾಗ ಏರಿಯಾನ್ 5ರಲ್ಲಿ ನೆಲ ಬಿಟ್ಟ ಮೇಲೆ ಬೇಕೇ ಇರಲಿಲ್ಲ.

ಇಷ್ಟು ಓದಿ ಎಲ್ಲ ಕಾಲಮ್ಮಿಗೂ ಕಟ್ಟು ಹಾಕಿಬಿಡೋಣ ಅಂತ ಹೊರಡಬೇಡಿ. ನಾನು ಹೊರಟಿದ್ದೆ. ಎಕ್ಸ್‌ಕ್ಲೂಷನ್ ಗೆದ್ದ ಹುಮ್ಮಸ್ಸಿನಲ್ಲಿ ಫೋನ್ ನಂಬರ್ ಸರಿಯಾಗಿ ಹತ್ತು ಅಂಕಿ ಇರಬೇಕು ಅಂತ ಚೆಕ್ ಹಾಕಿದೆ. ಎರಡು ತಿಂಗಳಾದ ಮೇಲೆ ನೋಡಿದರೆ ಹದಿನಾಲ್ಕು ಮನೆಯವರದು ಒಂದೇ ನಂಬರು, ಹತ್ತು ಒಂಬತ್ತು. ಹುಡುಗ ದುಬೈನಲ್ಲಿ ಇದ್ದಾನೆ, ಅಲ್ಲಿಯ ನಂಬರ್ ಕೊಟ್ಟರೆ ಸೇವ್ ಆಗುವುದಿಲ್ಲ, ಹಿಂದೆ ಜನ ಕಾಯುತ್ತಿದ್ದಾರೆ, ಮಾವ ಇನ್ನೇನು ಮಾಡುತ್ತಾರೆ, ಒಂಬತ್ತನ್ನು ಒತ್ತಿ ಹಿಡಿದರು. ಆ ಚೆಕ್ ಇಲ್ಲದಿದ್ದರೆ ನನ್ನ ಹತ್ತಿರ ದುಬೈ ನಂಬರ್ ಇರುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದದ್ದು ಅಂದರೆ ಇದೇ.

ಹೆಸರಿನ ವಿಷಯದಲ್ಲಂತೂ ನಾವೆಲ್ಲ ಇದನ್ನು ಅನುಭವಿಸಿದವರೇ. ಲಾಸ್ಟ್ ನೇಮ್ ಕಡ್ಡಾಯ. ನಮ್ಮ ಅಪ್ಪನಿಗೆ ಇರುವುದು ಒಂದು ಹೆಸರು, ಮುಂದೆ ಎರಡು ಇನಿಷಿಯಲ್, ಒಂದು ಊರಿಗೆ ಒಂದು ತಾತನಿಗೆ. ಅವರು ಕೆಲವು ಕಡೆ ಚುಕ್ಕಿ ಹಾಕಿದ್ದಾರೆ, ಕೆಲವು ಕಡೆ ಅದೇ ಹೆಸರನ್ನು ಎರಡು ಸಲ ಬರೆದಿದ್ದಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಅಮೆರಿಕಕ್ಕೆ ಹೋದ ನಮ್ಮವರಿಗೆ ವೀಸಾದಲ್ಲಿ ಎಫ್ ಎನ್ ಯು ಅಂತ ಬರುತ್ತದೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಆಮೇಲೆ ಬ್ಯಾಂಕಿನವರು ಅವರನ್ನು ಫ್ನು ಅಂತ ಕರೆಯುತ್ತಾರೆ. ನಗು ಬರುತ್ತದೆ, ಆದರೆ ಅದನ್ನು ಸರಿಮಾಡಿಸಲು ಓಡಾಡಿದವರಿಗೆ ಬರುವುದಿಲ್ಲ.

ನಾನೇ ಒಮ್ಮೆ ಕನ್ನಡಕ್ಕೆ ಇದನ್ನು ಮಾಡಿದ್ದೇನೆ, ಹೇಳಲು ನಾಚಿಕೆ. ಹೆಸರಿನಲ್ಲಿ ಅಕ್ಷರ ಮಾತ್ರ ಇರಬೇಕು ಅಂತ ರೆಜೆಕ್ಸ್ (ಬರೆದದ್ದು ಹೀಗೇ ಇರಬೇಕು ಅಂತ ಹೇಳುವ ಮಾದರಿ) ಬರೆದೆ. ಎ ಇಂದ ಝಡ್ ಅಂತ ಬರೆಯುವಷ್ಟು ದಡ್ಡಿ ಅಲ್ಲ, ಎಲ್ಲ ಲಿಪಿಗೂ ಸಂಖ್ಯೆ ಕೊಡುವ ಯೂನಿಕೋಡಿನ ಪ್ರಕಾರ ಯಾವ ಲಿಪಿಯ ಅಕ್ಷರವಾದರೂ ಸರಿ ಅಂತಲೇ ಬರೆದದ್ದು. ಕಮಲ ಬಂದಳು. ಗೀತಾ ಬರಲಿಲ್ಲ! ಯೂನಿಕೋಡಿನಲ್ಲಿ ಗ, ತ ಮಾತ್ರ ಅಕ್ಷರ. ಈಕಾರದ ಗುಣಿತ, ಆಕಾರದ ಇಳಿ ಇವೆಲ್ಲ ಬೇರೆ ವರ್ಗ, ಗುರುತುಗಳು ಅಂತ. ಒತ್ತಕ್ಷರ ಮಾಡುವ ವಿರಾಮವೂ ಅಲ್ಲೇ. ಗುಣಿತವೂ ಇಲ್ಲದ ಒತ್ತೂ ಇಲ್ಲದ ಹೆಸರಿಗೆ ಮಾತ್ರ ಪ್ರವೇಶ ಅಂದರೆ ಕರ್ನಾಟಕದಲ್ಲಿ ಎಷ್ಟು ಜನ ಉಳಿಯುತ್ತೇವೆ? ಉದ್ದದ ಮಿತಿಯದೂ ಅದೇ ಕಥೆ. ಮಲ್ಲಿಕಾರ್ಜುನಸ್ವಾಮಿ ಅನ್ನುವ ಹೆಸರು ನಮ್ಮ ಕಣ್ಣಿಗೆ ಏಳು ಅಕ್ಷರ. ಯೂನಿಕೋಡಿನ ಲೆಕ್ಕಕ್ಕೆ ಹದಿನೆಂಟು. ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ರೀತಿಯಲ್ಲಿ 54 ಬೈಟ್. ಜಾವಾಸ್ಕ್ರಿಪ್ಟಿನಲ್ಲಿ ಉದ್ದ ಕೇಳಿದರೆ 18 ಅನ್ನುತ್ತದೆ, ಗೋದಲ್ಲಿ ಕೇಳಿದರೆ 54. ಹೆಸರಿಗೆ ಮೂವತ್ತು ಸಾಕಪ್ಪ ಅಂತ ಇಂಗ್ಲಿಷ್ ಹೆಸರು ನೋಡಿ ಮಿತಿ ಹಾಕಿದವನು, ಅದು ಬೈಟಿನ ಮಿತಿ ಆಗಿದ್ದರೆ, ಸ್ವಾಮಿಯವರನ್ನು ಮಲ್ಲಿಕಾರ್ಜ ತನಕವೇ ತುಂಡು ಮಾಡುತ್ತಾನೆ. ಫೋನಿನ ಎಸ್‌ಎಂಎಸ್ ಕೂಡ ಹೀಗೇ, ಇಂಗ್ಲಿಷಿಗೆ 160, ಕನ್ನಡಕ್ಕೆ 70.

ಈಗ ಕಟ್ಟು ಹಾಕುವ ಮುಂಚೆ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಮುರಿದ ದಿನ ಲೋಕದಲ್ಲಿ ಏನೋ ತಪ್ಪಾಗಿದೆಯೋ, ಇಲ್ಲ ನನ್ನ ಫಾರ್ಮ್ ತಪ್ಪೋ? ಒಂದೇ ಮಂಟಪದಲ್ಲಿ ಒಂದೇ ಹೊತ್ತಿಗೆ ಎರಡು ಧಾರೆ ಎರೆಯಲು ಆಗುವುದಿಲ್ಲ, ಅದು ಡೇಟಾಬೇಸಿನಲ್ಲಿ ಇರಲಿ. ಫೋನಿಗೆ ಹತ್ತು ಅಂಕಿ ಅನ್ನುವುದು ನನ್ನ ರೂಢಿ, ಅದು ಬೇಕಿದ್ದರೆ ಹಳದಿ ಬಣ್ಣದಲ್ಲಿ ಒಂದು ಎಚ್ಚರಿಕೆ ಆಗಲಿ. ನಡುವಿನವು ಕಷ್ಟ. ನಾಲ್ಕನೇ ಒಂದು ಭಾಗ ಅಡ್ವಾನ್ಸ್ ಇಲ್ಲದೆ ಬುಕಿಂಗ್ ಇಲ್ಲ ಅಂತ ಮಾವನೇ ಹೇಳಿದ್ದರು, ಗೋಡೆ ಮೇಲೆ ಬೋರ್ಡೂ ಇದೆ. ಅದನ್ನು ಚೆಕ್ ಮಾಡಿ ಹಾಕಿದೆ. ಒಂದೇ ವಾರ. "ಏನೇ ಇದು, ನನ್ನ ತಂಗಿ ಮೊಮ್ಮಗಳ ಮದುವೆಗೆ ಅಡ್ವಾನ್ಸ್ ಕೇಳು ಅನ್ನುತ್ತಿದೆ ನಿನ್ನ ಕಂಪ್ಯೂಟರು" ಅಂತ ಫೋನು. ತೆಗೆದೆ.

ಎರರ್ ಮೆಸೇಜಿಗೂ ಒಂದು ಕಥೆ ಆಯಿತು. ಎಕ್ಸ್‌ಕ್ಲೂಷನ್ ಹಾಕಿದವಳು ಅದು ತಡೆದಾಗ ಏನು ತೋರಿಸಬೇಕು ಅಂತ ಯೋಚಿಸಿರಲಿಲ್ಲ. ಪೋಸ್ಟ್‌ಗ್ರೆಸ್‌ನ ಇಂಗ್ಲಿಷ್ ಸಾಲು ಹಾಗೇ ಕೆಂಪಗೆ ಬಂದು, ಅತ್ತೆ ಗಾಬರಿಯಾಗಿ ಮೊಬೈಲ್ ಆಫ್ ಮಾಡಿ ಇಟ್ಟುಬಿಟ್ಟಿದ್ದರು. ಈಗ ಆ ದಿನ ಯಾರ ಮದುವೆ ಇದೆ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಹತ್ತಿರದ ಖಾಲಿ ದಿನ ಯಾವುದು ಅಂತ ಕನ್ನಡದಲ್ಲಿ ಹೇಳುತ್ತದೆ. ಹತ್ತಿರದ ಖಾಲಿ ದಿನ ತೋರಿಸಲು ಮುಹೂರ್ತದ ಪಟ್ಟಿಯನ್ನೂ ಸೇರಿಸಬೇಕಾಯಿತು, ಅದು ಕನ್‌ಸ್ಟ್ರೈಂಟಿಗಿಂತ ಹತ್ತು ಪಟ್ಟು ಕೆಲಸ ತಿಂದಿತು.

ಹೋದ ವರ್ಷ ಮಾವ ಕೊನೆಗೂ ಮೇಲೆ ಒಂದು ಮಿನಿ ಹಾಲ್ ಕಟ್ಟಿಸಿದರು. ನಾಮಕರಣ, ನಿಶ್ಚಿತಾರ್ಥ, ಅರವತ್ತರ ಶಾಂತಿ ಇಂಥದ್ದಕ್ಕೆ. ಟೇಬಲ್ಲಿನಲ್ಲಿ ಹಾಲ್ ಅನ್ನುವ ಕಾಲಮ್ ಮೊದಲಿಂದಲೂ ಇದ್ದದ್ದರಿಂದ ನನಗೆ ಕೆಲಸವೇ ಇರಲಿಲ್ಲ, ಎರಡನೇ ಹಾಲ್ ಅಂತ ಒಂದು ಸಾಲು ಸೇರಿಸಿದೆ. ಎಲ್ಲ ಸರಿ ಅಂದುಕೊಂಡಿದ್ದಾಗ ತಿಂಗಳ ಹಿಂದೆ ಕೆಳಗೆ ಮದುವೆ, ಮೇಲೆ ನಾಮಕರಣ ಒಂದೇ ದಿನ ಬಂತು. ಹಾಲ್ ಎರಡಿದ್ದರೂ ಅಡುಗೆಮನೆ ಒಂದೇ ಅಂತ ಆವತ್ತು ನೆನಪಾಯಿತು. ಅಡುಗೆಮನೆಗೂ ಒಂದು ಕನ್‌ಸ್ಟ್ರೈಂಟ್ ಹಾಕಲಾ ಮಾವ ಅಂತ ಕೇಳಿದೆ. ಮಾವ ಹೋಗಿ ಅಡುಗೆ ಭಟ್ಟರನ್ನು ಕೇಳಿದರು. ಎರಡು ಒಲೆ ಜಾಸ್ತಿ ಹಾಕಿಸಿಕೊಡಿ, ಮೂರು ಕಾರ್ಯ ಬಂದರೂ ಬಡಿಸುತ್ತೇನೆ ಅಂದರಂತೆ ಭಟ್ಟರು. ಒಲೆ ಬಂದಿದೆ. ಕನ್‌ಸ್ಟ್ರೈಂಟ್ ಸದ್ಯಕ್ಕೆ ಹಾಕಿಲ್ಲ.